ಮದ್ದು ಹಾಕಿದ ಡ್ರಮ್ಮಿನಿಂದಲೇ ನುಸಿ ಹಾರಿತು, ಮದ್ದು ಖೊಟ್ಟಿಯಾ?

ಪ್ರಶ್ನೆ:

ನಾವಿರುವುದು ಮಂಗಳೂರಿನ ಬಿಜೈಯಲ್ಲಿ, ಹಳೆಯ ಹಂಚಿನ ಮನೆ. ಹಿತ್ತಲಲ್ಲಿ ಬಾವಿ ಇದೆ. ಪಕ್ಕದ ಜಾಗದಲ್ಲಿ ಅಪಾರ್ಟ್‌ಮೆಂಟ್ ಕೆಲಸ ನಡೆಯುತ್ತಾ ಇದೆ. ಬೇಸಿಗೆಯಲ್ಲಿ ನಳ್ಳಿ ನೀರು ಸರಿಯಾಗಿ ಬರುವುದಿಲ್ಲ ಅಂತ ಬಚ್ಚಲಿನ ಹಿಂದೆ ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿಸಿಡುತ್ತೇವೆ. ಮೊನ್ನೆ ಅದರಲ್ಲಿ ನುಸಿ ಮರಿ ಆಗಿತ್ತು. ಮನೆ ಮನೆಗೆ ಬರುವ ಹುಡುಗ ನೋಡಿ, ಕಂದು ಬಣ್ಣದ ಏನೋ ಮದ್ದು ಹಾಕಿ ಹೋದ. ಮಾರನೇ ದಿನ ಮರಿಗಳು ಸತ್ತು ತಳಕ್ಕೆ ಬಿದ್ದಿದ್ದವು. ಆದರೆ ಅದರ ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಏಳೆಂಟು ನುಸಿ ಮುಖಕ್ಕೇ ಹಾರಿದವು! ಅದೇ ದಿನ ಸಂಜೆ ಒಂದೂವರೆ ವರ್ಷದ ಮೊಮ್ಮಗಳ ಕಾಲಿಗೆ ನಾಲ್ಕು ಕಡೆ ಕಚ್ಚಿದೆ. ಮದ್ದು ಖೊಟ್ಟಿಯಾ? ಪಕ್ಕದ ಮನೆಯವರು 'ಈಗಿನ ನುಸಿ ಮದ್ದನ್ನೇ ತಿಂದು ದಪ್ಪ ಆಗ್ತದೆ' ಅನ್ನುತ್ತಾರೆ. ಬಯೋಟೆಕ್ ಓದುವ ತಂಗಿಯ ಮಗ, 'ನುಸಿ ಬೆಳೆದ ಹಾಗೆ ಅದರ ಪ್ರೋಟೀನ್ ಬದಲಾಗ್ತದೆ ದೊಡ್ಡಮ್ಮ, ಅದಕ್ಕೇ ಮದ್ದು ಹಿಡಿಯುವುದಿಲ್ಲ' ಅಂದ. ಆ ಮದ್ದಿನಲ್ಲಿರುವುದು ಬ್ಯಾಕ್ಟೀರಿಯಾದ ಪ್ರೋಟೀನ್ ಅಂತೆ. ಆ ನೀರಲ್ಲಿ ಮಗುವಿಗೆ ಸ್ನಾನ ಮಾಡಿಸಬಹುದಾ? ಪೂರ್ತಿ ಒಣಗಿಸಿಟ್ಟ ಡ್ರಮ್ಮಿನಲ್ಲೂ ಮೊದಲ ಮಳೆಗೆ ಮರಿ ಆಗುತ್ತದಲ್ಲ, ಅದು ಹೇಗೆ? ಇನ್ನೊಂದು: ಜಿಮ್‌ಗೆ ಹೋಗುವ ದೊಡ್ಡ ಮೊಮ್ಮಗ ಪ್ರೋಟೀನ್ ಪುಡಿ ಕುಡಿಯುತ್ತಾನೆ. ನುಸಿ ಅವನಿಗೇ ಜಾಸ್ತಿ ಕಚ್ಚುತ್ತದೆ. ಸಂಬಂಧ ಇದೆಯಾ?

ಒಬ್ಬ ಓದುಗರು, ಬಿಜೈ

ಉತ್ತರ:

ಪತ್ರದಲ್ಲಿ ಪ್ರಶ್ನೆಗಳು ತುಂಬ ಇವೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಮಗುವಿಗೆ ಕಚ್ಚಿದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಅದಕ್ಕೇ ಮೊದಲು ಬರುತ್ತೇನೆ.

ಆ ಬೆಳಿಗ್ಗೆ ಡ್ರಮ್ಮಿನಿಂದ ಹಾರಿದ ಸೊಳ್ಳೆಗಳು ಅದೇ ಸಂಜೆ ಮಗುವಿಗೆ ಮಲೇರಿಯಾ ತರಲಾರವು. ಮಲೇರಿಯಾದ ರೋಗಾಣು ತಾಯಿ ಸೊಳ್ಳೆಯಿಂದ ಮೊಟ್ಟೆಗೆ ದಾಟುವುದಿಲ್ಲ. ಸೊಳ್ಳೆ ಮೊದಲು ಮಲೇರಿಯಾ ಇರುವವರ ರಕ್ತ ಕುಡಿಯಬೇಕು. ಆ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿಗೆ ತಲುಪಬೇಕು. ನಮ್ಮ ಕರಾವಳಿಯ ಸೆಕೆಯಲ್ಲೂ ಅದಕ್ಕೆ ಸುಮಾರು 10ರಿಂದ 14 ದಿನ ಹಿಡಿಯುತ್ತದೆ. ಡೆಂಗಿ ವೈರಸ್ಸಿಗೆ ಸುಮಾರು 8ರಿಂದ 12 ದಿನ. ಡೆಂಗಿ ಮಾತ್ರ ಅಪರೂಪಕ್ಕೆ ಮೊಟ್ಟೆಯ ಮೂಲಕವೂ ದಾಟುವುದುಂಟು. ಆದರೆ ರೋಗ ಹರಡುವ ಮುಖ್ಯ ದಾರಿ ಅದಲ್ಲ.

ಅಷ್ಟೇ ಅಲ್ಲ, ಆಗಷ್ಟೇ ಹೊರಬಂದ ಹೆಣ್ಣು ಸೊಳ್ಳೆ ಅದೇ ದಿನ ಕಚ್ಚುವುದಿಲ್ಲ. ಅದರ ಮೈ, ಸೊಂಡಿಲು ಗಟ್ಟಿಯಾಗಬೇಕು, ಮನುಷ್ಯರ ವಾಸನೆಗೆ ಒಲಿಯುವಷ್ಟು ಬಲಿಯಬೇಕು. ಅದಕ್ಕೆ ಒಂದೆರಡು ದಿನ ಬೇಕು. ಅಂದರೆ ಮಗುವಿಗೆ ಕಚ್ಚಿದ್ದು ನಿಮ್ಮ ಡ್ರಮ್ಮಿನ ಅಂದಿನ ಸೊಳ್ಳೆ ಅಲ್ಲ, ಅದಕ್ಕಿಂತ ಮೊದಲೇ ಹುಟ್ಟಿದ ಇನ್ಯಾವುದೋ. ಸಂಜೆ ಹೊತ್ತು, ಅದೂ ಕಾಲಿಗೆ ಅಂದರೆ ಹೆಚ್ಚಾಗಿ ಈಡಿಸ್ ಇರಬೇಕು, ಡೆಂಗಿ ಹರಡುವ, ಕಾಲಿನಲ್ಲಿ ಬಿಳಿ ಪಟ್ಟೆ ಇರುವ ಕಪ್ಪು ಸೊಳ್ಳೆ. ಅದರ ವಯಸ್ಸು ನಮಗೆ ಗೊತ್ತಿಲ್ಲ. ಹಾಗಾಗಿ ಮಗುವಿಗೆ ಜ್ವರ ಕಾಣಿಸಿಕೊಂಡರೆ ಕಾಯಬೇಡಿ, ಅದೇ ದಿನ ಮಲೇರಿಯಾ ಮತ್ತು ಡೆಂಗಿ ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿಯ ಸಂಶಯ ಇರುವಾಗ ಐಬುಪ್ರೊಫೇನ್, ಆಸ್ಪಿರಿನ್ ಕೊಡಲೇಬಾರದು. ಪ್ಯಾರಾಸಿಟಮಾಲ್ ಕೂಡ ಮಗುವಿನ ತೂಕ ನೋಡಿ ಡಾಕ್ಟ್ರು ಹೇಳಿದಷ್ಟೇ.

ಈಗ ಮದ್ದಿಗೆ ಬರೋಣ. ಅದು ಖೊಟ್ಟಿ ಅಲ್ಲ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಬಿಟಿಐ. ಪೂರ್ತಿ ಹೆಸರು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಸಣ್ಣ ಹೊಂಡದಲ್ಲಿ ಸತ್ತು ತೇಲುತ್ತಿದ್ದ ಸೊಳ್ಳೆ ಮರಿಗಳಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿತು. ಇದು ಬೀಜಕದ ಸ್ಥಿತಿಗೆ ಹೋಗುವಾಗ ತನ್ನೊಳಗೆ ಪ್ರೋಟೀನಿನ ಸಣ್ಣ ಹರಳು ಕಟ್ಟಿಕೊಳ್ಳುತ್ತದೆ. ಆ ಹರಳು ಹಾಗೇ ಇದ್ದರೆ ಯಾರಿಗೂ ಏನೂ ಮಾಡುವುದಿಲ್ಲ. ಸೊಳ್ಳೆ ಮರಿ ಅದನ್ನು ನುಂಗಬೇಕು. ಮರಿಯ ಕರುಳಿನೊಳಗೆ ಬಲವಾದ ಕ್ಷಾರ ಇದೆ. ಅಲ್ಲಿ ಹರಳು ಕರಗುತ್ತದೆ. ಮರಿಯದೇ ಜೀರ್ಣ ರಸಗಳು ಅದನ್ನು ಕತ್ತರಿಸಿ ಚುರುಕು ಮಾಡುತ್ತವೆ. ಹಾಗೆ ಹೊರಬಂದ ತುಂಡುಗಳು ಕರುಳಿನ ಗೋಡೆಯಲ್ಲಿರುವ ಕೆಲವು ನಿರ್ದಿಷ್ಟ ಪ್ರೋಟೀನುಗಳಿಗೆ ಅಂಟಿಕೊಂಡು ತೂತು ಮಾಡುತ್ತವೆ. ಕರುಳು ಒಡೆದು ಮರಿ ಒಂದು ದಿನದೊಳಗೆ ಸಾಯುತ್ತದೆ. ನೀವು ಡ್ರಮ್ಮಿನ ತಳದಲ್ಲಿ ನೋಡಿದ್ದು ಅದನ್ನೇ.

ಅಂದರೆ ಈ ಮದ್ದು ಕೆಲಸ ಮಾಡಬೇಕಾದರೆ ಸೊಳ್ಳೆ ಅದನ್ನು ತಿನ್ನಬೇಕು. ಡ್ರಮ್ಮಿನಲ್ಲಿದ್ದ ಎಲ್ಲವೂ ತಿನ್ನುವ ಘಟ್ಟದಲ್ಲಿ ಇರಲಿಲ್ಲ. ಕೆಲವು ಆಗಲೇ ಕೋಶ ಆಗಿದ್ದವು, ಅಂದರೆ ಮರಿ ಸೊಳ್ಳೆಯಾಗುವ ಮುಂಚಿನ ಪ್ಯೂಪಾ ಘಟ್ಟ. ಕೋಶ ಏನನ್ನೂ ತಿನ್ನುವುದಿಲ್ಲ.

ನಿಮ್ಮ ತಂಗಿಯ ಮಗ ಹೇಳಿದ ಪ್ರೋಟೀನಿನ ಮಾತು ಇಲ್ಲೇ ಬರುವುದು. ಹುಡುಗ ಹೇಳಿದ್ದು ಅರ್ಧ ಸರಿ, ಆ ಅರ್ಧ ಬಹಳ ಮುಖ್ಯ. ಮೊಟ್ಟೆ, ಮರಿ, ಕೋಶ, ಹಾರುವ ಸೊಳ್ಳೆ, ನಾಲ್ಕರ ಮೈಯಲ್ಲೂ ಇರುವುದು ಒಂದೇ ಜೀನ್‌ಗಳು. ಆದರೆ ಯಾವ ಜೀನಿನಿಂದ ಯಾವಾಗ ಎಷ್ಟು ಪ್ರೋಟೀನ್ ತಯಾರಾಗುತ್ತದೆ ಅನ್ನುವುದು ಘಟ್ಟದಿಂದ ಘಟ್ಟಕ್ಕೆ ಬೇರೆ. ಈಗ ಲ್ಯಾಬುಗಳಲ್ಲಿ ಒಂದೊಂದು ಘಟ್ಟದ ಸೊಳ್ಳೆಯನ್ನೂ ಅರೆದು, ಅದರ ಪ್ರೋಟೀನುಗಳನ್ನು ಚೂರು ಮಾಡಿ, ಆ ಚೂರುಗಳ ತೂಕದಿಂದ ಯಾವ ಪ್ರೋಟೀನ್ ಎಷ್ಟಿದೆ ಅಂತ ಪತ್ತೆ ಮಾಡುತ್ತಾರೆ. ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ ಯಂತ್ರದ ಕೆಲಸ ಅದು. ಮಂಗಳೂರು ಪೇಟೆಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಯ ಜೀನ್ ನಕ್ಷೆ 2014ರಲ್ಲಿ ಪ್ರಕಟವಾಯಿತು. ಆಮೇಲೆ ಈ ಕೆಲಸ ಇನ್ನೂ ಸುಲಭವಾಯಿತು.

ಮರಿಯ ಕೆಲಸ ತಿನ್ನುವುದು, ಬೆಳೆಯುವುದು. ಅದರ ಮೈಯಲ್ಲಿ ಜೀರ್ಣ ಮಾಡುವ ಪ್ರೋಟೀನುಗಳದ್ದೇ ದರ್ಬಾರು. ಹೊರಚರ್ಮ ಹಿಗ್ಗುವುದಿಲ್ಲವಾದ್ದರಿಂದ ಮರಿ ಪೊರೆ ಕಳಚಿ ಕಳಚಿ ನಾಲ್ಕು ಹಂತ ಬೆಳೆಯುತ್ತದೆ. ಪ್ರತಿ ಸಲ ಕೈಟಿನ್ ಅನ್ನುವ ವಸ್ತು ಮತ್ತು ಚರ್ಮದ ಪ್ರೋಟೀನುಗಳನ್ನು ಹೊಸದಾಗಿ ಹೆಣೆದು ಹೊಸ ಪೊರೆ ಮಾಡಿಕೊಳ್ಳಬೇಕು. ಆಫ್ರಿಕಾದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಗ್ಯಾಂಬಿಯೆಯಲ್ಲಿ ಇಂಥ ಚರ್ಮದ ಪ್ರೋಟೀನುಗಳ ಒಂದೇ ಕುಟುಂಬಕ್ಕೆ 150ಕ್ಕೂ ಹೆಚ್ಚು ಜೀನ್‌ಗಳಿವೆ. ಮರಿಗೆ ಕೆಲವು, ಕೋಶಕ್ಕೆ ಕೆಲವು, ರೆಕ್ಕೆಯ ಸೊಳ್ಳೆಗೆ ಇನ್ನು ಕೆಲವು.

ಯಾವಾಗ ಏನಾಗಬೇಕು ಅಂತ ಹೇಳುವುದು ಎರಡು ಹಾರ್ಮೋನು. ಎಕ್ಡೈಸೋನ್ ಬಂದರೆ ಪೊರೆ ಕಳಚಬೇಕು. ಜುವೆನೈಲ್ ಹಾರ್ಮೋನ್ ಜೊತೆಗಿದ್ದರೆ ಕಳಚಿದ ಮೇಲೂ ಮರಿಯಾಗಿಯೇ ಇರಬೇಕು. ನಾಲ್ಕನೇ ಹಂತದಲ್ಲಿ ಈ ಜುವೆನೈಲ್ ಹಾರ್ಮೋನ್ ಇಳಿಯುತ್ತದೆ. ಮುಂದಿನ ಸಲ ಪೊರೆ ಕಳಚಿದಾಗ ಹೊರಬರುವುದು ಕೋಶ. ಅದಕ್ಕೆ ಮುಂಚೆ ಮರಿ ಒಂದು ತಯಾರಿ ಮಾಡಿಕೊಳ್ಳುತ್ತದೆ. ಮಳೆಗಾಲ ಹಿಡಿಯುವ ಮುಂಚೆ ನಾವು ಒಣಮೀನು, ಹಪ್ಪಳ, ಕಟ್ಟಿಗೆ ಕೂಡಿಡುವ ಹಾಗೆ, ಹೆಕ್ಸಾಮೆರಿನ್ ಅನ್ನುವ ದಾಸ್ತಾನು ಪ್ರೋಟೀನುಗಳನ್ನು ಮೈಯಲ್ಲಿ ತುಂಬಿಕೊಳ್ಳುತ್ತದೆ. ಕೊನೆಕೊನೆಗೆ ತಿನ್ನುವುದನ್ನೇ ನಿಲ್ಲಿಸುತ್ತದೆ. ಕೋಶದೊಳಗೆ ಮರಿಯ ಕರುಳಿನ ಹಳೆಯ ಜೀವಕೋಶಗಳು ಕರಗಿ ಹೊಸವು ಬರುತ್ತವೆ. ಬಾಯಿಯ ಕುಂಚ ಹೋಗಿ ಸೊಂಡಿಲು ಬರುತ್ತದೆ. ರೆಕ್ಕೆ, ಹಾರುವ ಸ್ನಾಯು, ಕಾಲು ಎಲ್ಲವೂ ಕೂಡಿಟ್ಟ ಆ ಪ್ರೋಟೀನಿನಿಂದಲೇ ಆಗಬೇಕು. ಹೊರಗಿನಿಂದ ಒಂದು ಕಣ ಕೂಡ ಒಳಗೆ ಹೋಗುವುದಿಲ್ಲ. ನಮ್ಮ ಹವೆಯಲ್ಲಿ ಇಷ್ಟೆಲ್ಲಾ ಮುಗಿಯುವುದಕ್ಕೆ ಸುಮಾರು ಎರಡು ದಿನ ಸಾಕು. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ, ಅಲ್ವಾ?

ಇದನ್ನು ನೀವೇ ನೋಡಬಹುದು. ಮುಂದಿನ ಸಲ ಮರಿ ಕಂಡರೆ ಒಂದು ಬಿಳಿ ಬೇಸಿನ್ನಿಗೆ ನೀರು ತೆಗೆದುಕೊಂಡು ಟಾರ್ಚ್ ಹಿಡಿಯಿರಿ. ಉದ್ದಕ್ಕೆ ಇದ್ದು ಹುಳದ ಹಾಗೆ ನುಲಿಯುವುದು ಮರಿ. ಬಾಲದ ಕೊಳವೆ ಮೇಲ್ಮೈಗೆ ತಾಗಿಸಿ ತಲೆ ಕೆಳಗೆ ಮಾಡಿ ನೇತಾಡುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ನೀರಿನ ಮೇಲ್ಮೈಗೆ ಸಮವಾಗಿ ಅಡ್ಡ ಮಲಗಿದ್ದರೆ ಅನಾಫಿಲಿಸ್, ಅಂದರೆ ಮಲೇರಿಯಾದ ಜಾತಿ. ಇವುಗಳ ನಡುವೆ ದಪ್ಪ ತಲೆ, ಬಾಗಿದ ಬಾಲ ಇರುವ, ಅಲ್ಪವಿರಾಮದ ಆಕಾರದವು ಕಂಡರೆ ಅವೇ ಕೋಶ. ಕೈಯ ನೆರಳು ಬಿದ್ದರೆ ಸಾಕು, ಪಲ್ಟಿ ಹೊಡೆಯುತ್ತಾ ಕೆಳಗೆ ಹೋಗುತ್ತವೆ. ಹೊಸ ಕೋಶದ ಬಣ್ಣ ತಿಳಿ. ಹಳೆಯದಾದಂತೆ ಕಪ್ಪಾಗುತ್ತದೆ. ಹೊರಬರುವ ಹೊತ್ತಿಗೆ ಪೊರೆಯ ಒಳಗೆ ಕಪ್ಪು ಕಣ್ಣು, ಮಡಚಿದ ಕಾಲು ಕಾಣುತ್ತದೆ. ಒಳಗೆ ಗಾಳಿ ತುಂಬಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಆಮೇಲೆ ಬೆನ್ನು ಸೀಳಿ ಸೊಳ್ಳೆ ಮೇಲೆದ್ದು, ಕಳಚಿದ ಪೊರೆಯ ಮೇಲೇ ಸ್ವಲ್ಪ ಹೊತ್ತು ನಿಂತು ಮೈ ಒಣಗಿಸಿಕೊಳ್ಳುತ್ತದೆ. ಎಷ್ಟೋ ವರ್ಷ ಇದೇ ಕೆಲಸ ಮಾಡಿಯೂ ಇದನ್ನು ನೋಡಲು ನನಗೆ ಬೇಸರ ಬಂದಿಲ್ಲ.

ಮದ್ದು ಹಾಕಿದ ದಿನ ನಿಮ್ಮ ಡ್ರಮ್ಮಿನಲ್ಲಿ ಕೋಶಗಳು ಇದ್ದೇ ಇದ್ದವು. ಹಾಗಾಗಿ 'ಪ್ರೋಟೀನ್ ಬದಲಾಗ್ತದೆ' ಅನ್ನುವುದು ಸರಿ. 'ಅದಕ್ಕೇ ಮದ್ದು ಹಿಡಿಯುವುದಿಲ್ಲ' ಅನ್ನುವುದು ಸರಿಯಲ್ಲ. ಯಾವ ಮದ್ದು ಯಾವ ಘಟ್ಟಕ್ಕೆ ಹಿಡಿಯುತ್ತದೆ ಅಂತ ತಿಳಿದು ಹಾಕಬೇಕು ಅನ್ನುವುದು ಸರಿಯಾದ ಪಾಠ.

ಪಕ್ಕದ ಮನೆಯವರ ಮಾತಿಗೂ ಒಂದು ಬುಡ ಇದೆ. ಮದ್ದು ತಿಂದು ಸೊಳ್ಳೆ ದಪ್ಪ ಆಗುವುದಿಲ್ಲ. ಆದರೆ ಮದ್ದಿನ ಪ್ರಮಾಣ ಕಡಿಮೆಯಾಗಿ ಅರ್ಧ ಮರಿಗಳು ಮಾತ್ರ ಸತ್ತರೆ, ಉಳಿದವಕ್ಕೆ ತಿನ್ನಲು ಜಾಸ್ತಿ ಸಿಗುತ್ತದೆ. ಸ್ಪರ್ಧೆ ಇಲ್ಲ. ಅವು ದೊಡ್ಡ ಸೊಳ್ಳೆಗಳಾಗಿ ಬರುವುದು ನಿಜ. ದೊಡ್ಡ ಹೆಣ್ಣು ಜಾಸ್ತಿ ಮೊಟ್ಟೆ ಇಡುತ್ತದೆ. ಆದ್ದರಿಂದ 'ಇದ್ದಷ್ಟು ಹಾಕೋಣ' ಅಂತ ಎರಡು ಹನಿ ಹಾಕುವುದಕ್ಕಿಂತ ಹಾಕದೇ ನೀರು ಚೆಲ್ಲುವುದು ಒಳ್ಳೆಯದು.

ಆ ನೀರಲ್ಲಿ ಮಗುವಿಗೆ ಸ್ನಾನ ಮಾಡಿಸಬಹುದಾ ಅಂದರೆ, ಮಾಡಿಸಬಹುದು. ಬಿಟಿಐ ಹರಳು ಕರಗಲು ಕ್ಷಾರ ಬೇಕು ಅಂದೆನಲ್ಲ, ನಮ್ಮ ಹೊಟ್ಟೆಯಲ್ಲಿ ಇರುವುದು ಆಮ್ಲ. ಅದು ಅಂಟಿಕೊಳ್ಳುವ ಸೊಳ್ಳೆ ಕರುಳಿನ ಪ್ರೋಟೀನುಗಳೂ ನಮ್ಮಲ್ಲಿಲ್ಲ. ಕುಡಿಯುವ ನೀರು ತುಂಬಿಡುವ ಪಾತ್ರೆಗಳಿಗೂ ಬಿಟಿಐ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದರೆ ಅದಕ್ಕಾಗಿಯೇ ತಯಾರಿಸಿದ ಶುದ್ಧ ಮಾಲು ಆಗಿರಬೇಕು. ಹೊಲ, ಚರಂಡಿಗೆ ಅಂತ ಮಾರುವ ಡಬ್ಬಿಯನ್ನು ತಂದು ಕುಡಿಯುವ ನೀರಿಗೆ ಸುರಿಯಬೇಡಿ. ಅದರಲ್ಲಿ ಬೇರೆ ಏನೇನು ಬೆರೆಸಿರುತ್ತಾರೋ.

ಒಣಗಿದ ಡ್ರಮ್ಮಿನ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಇದನ್ನು ಗಮನಿಸುವವರೇ ಕಡಿಮೆ. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿನ ಒದ್ದೆ ಗೋಡೆಯ ಮೇಲೆ. ಸಾಸಿವೆಗಿಂತ ಎಷ್ಟೋ ಸಣ್ಣ, ಕಪ್ಪು. ಬರಿಗಣ್ಣಿಗೆ ಮಸಿಯ ಹಾಗೆ ಕಾಣುತ್ತದೆ. ಇಟ್ಟ ಸುಮಾರು ಅರ್ಧ ದಿನದೊಳಗೆ ಮೊಟ್ಟೆಯ ಚಿಪ್ಪಿನ ಒಳಗೆ ಇನ್ನೊಂದು ಪದರ ಕಟ್ಟಿಕೊಳ್ಳುತ್ತದೆ, ಕೈಟಿನ್ ಮತ್ತು ಪ್ರೋಟೀನ್ ಸೇರಿದ ಪದರ. ಅದು ನೀರನ್ನು ಹೊರಗೆ ಬಿಡುವುದಿಲ್ಲ. ಆ ಪದರ ಆಗುವ ಮುಂಚೆ ಮೊಟ್ಟೆ ಒಣಗಿದರೆ ಸಾಯುತ್ತದೆ. ಆದ ಮೇಲೆ ಒಣಗಿದರೆ ತಿಂಗಳುಗಟ್ಟಲೆ ಬದುಕುತ್ತದೆ. ಒಳಗೆ ಮರಿ ಎರಡು ಮೂರು ದಿನದಲ್ಲೇ ತಯಾರಾಗಿ ಸುಮ್ನೆ ಕಾಯುತ್ತಾ ಇರುತ್ತದೆ. ಜೂನಿನ ಮೊದಲ ಮಳೆಗೆ ನೀರು ಏರಿ ಮೊಟ್ಟೆಗೆ ತಾಗಿದ ಕೂಡಲೇ ಒಡೆಯುತ್ತದೆ. ಅನಾಫಿಲಿಸ್ ಮೊಟ್ಟೆಗೆ ಈ ತಾಕತ್ತು ಇಲ್ಲ, ಒಣಗಿದರೆ ಹೆಚ್ಚು ದಿನ ತಾಳುವುದಿಲ್ಲ.

ಹಾಗಾಗಿ ಡ್ರಮ್ಮನ್ನು ಕವುಚಿ ಒಣಗಿಸಿದರೆ ಸಾಲದು. ಒಳಗೋಡೆಯನ್ನು ಗಟ್ಟಿ ಬ್ರಷ್ ಅಥವಾ ತೆಂಗಿನ ನಾರಿನಿಂದ ತಿಕ್ಕಬೇಕು, ವಿಶೇಷವಾಗಿ ನೀರಿನ ಗೆರೆ ಬಿದ್ದ ಜಾಗದಲ್ಲಿ. ತಿಕ್ಕಿದ ನೀರನ್ನು ಒಣ ಮಣ್ಣಿಗೆ ಚೆಲ್ಲಿ, ಚರಂಡಿಗೆ ಬೇಡ. ಹಿತ್ತಲಲ್ಲಿ ಬಿದ್ದ ಗೆರಟೆ, ಅಡಕೆ ಹಾಳೆ, ಮಾಡಿನ ದಂಬೆಯಲ್ಲಿ ಸಿಕ್ಕಿದ ಎಲೆಕಸ ಎಲ್ಲದಕ್ಕೂ ಇದೇ ಮಾತು. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ನಿಲ್ಲಿಸಿದ ಮೇಲೆ ಹಾಲಿನ ಕಪ್ಪುಗಳನ್ನು ಕವುಚಿಡಿ ಅಂತ ಹೇಳುವುದೂ ಇದಕ್ಕೇ.

ಇನ್ನು ಜಿಮ್ಮಿನ ಮೊಮ್ಮಗ. ಹೆಣ್ಣು ಸೊಳ್ಳೆಗೆ ರಕ್ತ ಬೇಕಾಗುವುದು ಪ್ರೋಟೀನಿಗಾಗಿ ಅನ್ನುವುದು ನಿಜ. ಅದರ ಸ್ವಂತ ಹೊಟ್ಟೆಪಾಡು ಹೂವಿನ ರಸ, ಗಿಡದ ಸಕ್ಕರೆಯಲ್ಲಿ ನಡೆಯುತ್ತದೆ. ಮೊಟ್ಟೆಗೆ ಮಾತ್ರ ಅದು ಸಾಲದು. ರಕ್ತ ಹೊಟ್ಟೆಗೆ ಬಿದ್ದ ಕೂಡಲೇ ಟ್ರಿಪ್ಸಿನ್ ಅನ್ನುವ ಜೀರ್ಣ ಪ್ರೋಟೀನುಗಳು ತಯಾರಾಗಿ ಅದನ್ನು ಅಮೈನೋ ಆಮ್ಲಗಳಾಗಿ ಒಡೆಯುತ್ತವೆ. ಆ ಅಮೈನೋ ಆಮ್ಲಗಳು ಏರಿದ್ದನ್ನು ಮೈ ಗುರುತಿಸುತ್ತದೆ. ಎಕ್ಡೈಸೋನ್ ಹಾರ್ಮೋನೂ ಏರುತ್ತದೆ. ಆಗ ಕೊಬ್ಬಿನ ಅಂಗಾಂಶ ವಿಟೆಲ್ಲೊಜೆನಿನ್ ಎಂಬ ಪ್ರೋಟೀನನ್ನು ರಾಶಿ ರಾಶಿ ತಯಾರಿಸಲು ಶುರು ಮಾಡುತ್ತದೆ. ಅದೇ ಮೊಟ್ಟೆಯ ಭಂಡಾರ. ಈಡಿಸ್‌ನಲ್ಲಿ ರಕ್ತ ಕುಡಿದು ಸುಮಾರು 24 ಗಂಟೆಗೆ ಈ ತಯಾರಿ ತುತ್ತತುದಿ ಮುಟ್ಟಿ, 36 ಗಂಟೆಯ ಹೊತ್ತಿಗೆ ನಿಲ್ಲುತ್ತದೆ. ಮೂರನೇ ದಿನಕ್ಕೆ ನೂರರ ಆಸುಪಾಸು ಮೊಟ್ಟೆ ಸಿದ್ಧ.

ಆದರೆ ಪ್ರೋಟೀನ್ ಪುಡಿ ಕುಡಿದವರ ರಕ್ತದಲ್ಲಿ ಸೊಳ್ಳೆಗೆ ಗೊತ್ತಾಗುವಂಥ ಪ್ರೋಟೀನ್ ಏನೂ ಜಾಸ್ತಿ ಆಗುವುದಿಲ್ಲ. ನಮ್ಮ ರಕ್ತದ ಪ್ರೋಟೀನ್ ಅಂದರೆ ಮುಖ್ಯವಾಗಿ ಹಿಮೋಗ್ಲೋಬಿನ್, ಆಲ್ಬುಮಿನ್. ಆರೋಗ್ಯವಂತರಲ್ಲಿ ಅವುಗಳ ಮಟ್ಟವನ್ನು ಮೈ ಹೆಚ್ಚುಕಡಿಮೆ ಒಂದೇ ಕಡೆ ಹಿಡಿದಿಡುತ್ತದೆ. ಕಚ್ಚುವ ಮುಂಚೆ ಅದನ್ನು ಅಳೆಯುವ ದಾರಿ ಸೊಳ್ಳೆಗೂ ಇಲ್ಲ. ಅದು ಹುಡುಕಿ ಬರುವುದು ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಚರ್ಮದ ವಾಸನೆ. ಕೆಲವರ ಚರ್ಮದಲ್ಲಿ ಕಾರ್ಬಾಕ್ಸಿಲಿಕ್ ಆಮ್ಲಗಳು ಜಾಸ್ತಿ ಇರುತ್ತವೆ, ಅವರ ಕಡೆಗೆ ಈಡಿಸ್ ಹೆಚ್ಚು ಒಲಿಯುತ್ತದೆ ಅಂತ 2022ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದವರು ತೋರಿಸಿದರು. ನಿಮ್ಮ ಮೊಮ್ಮಗ ಜಿಮ್ಮಿನಿಂದ ಬೆವರಿ, ಬಿಸಿಯಾಗಿ, ಜೋರಾಗಿ ಉಸಿರಾಡುತ್ತಾ ಸಂಜೆ ಅಂಗಳದಲ್ಲಿ ಕೂತರೆ ಕಚ್ಚದೇ ಇರುತ್ತದಾ? ಬಂದ ಕೂಡಲೇ ಸ್ನಾನ ಮಾಡಿ ತುಂಬುತೋಳಿನ ಅಂಗಿ ಹಾಕಲಿ. ಪುಡಿ ಬಿಡಬೇಕಾಗಿಲ್ಲ.

ಹಾಗಾದರೆ ಡ್ರಮ್ಮಿಗೆ ಏನು ಮಾಡಬೇಕು? ನನ್ನ ಮೊದಲ ಸಲಹೆ ಮದ್ದಲ್ಲ. ಮೊಟ್ಟೆ ಒಡೆದು ರೆಕ್ಕೆ ಬರುವವರೆಗೆ ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ತಿಕ್ಕಿದರೆ ಯಾವ ಘಟ್ಟದಲ್ಲಿದ್ದರೂ ಅಲ್ಲಿಗೇ ಮುಗಿಯುತ್ತದೆ. ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದಾಗ ನೀರು ಚೆಲ್ಲಿ ಅನ್ನಲು ನನಗೂ ಮನಸ್ಸು ಬರುವುದಿಲ್ಲ. ಆಗ ಹೀಗೆ ಮಾಡಿ: ಡ್ರಮ್ಮಿನ ನೀರನ್ನು ಹಳೆಯ ಬೈರಾಸಿನಲ್ಲಿ ಸೋಸಿ ಬಾಲ್ದಿಗಳಿಗೆ ತುಂಬಿ. ಬಟ್ಟೆಯಲ್ಲಿ ಉಳಿದ ಮರಿ, ಕೋಶ ಎರಡನ್ನೂ ಬಿಸಿಲಿಗೆ ಕೊಡವಿ. ಡ್ರಮ್ ತಿಕ್ಕಿ, ಅದೇ ನೀರು ವಾಪಸ್ ತುಂಬಿ. ಒಂದು ಕೊಡಪಾನ ನೀರೂ ಹಾಳಾಗುವುದಿಲ್ಲ. ಮುಚ್ಚಳದ ಕೆಳಗೆ ತೆಳ್ಳಗಿನ ಹತ್ತಿ ಬಟ್ಟೆ ಕಟ್ಟಿ. ಪ್ಲಾಸ್ಟಿಕ್ ಮುಚ್ಚಳದ ಸಂದಿಯಲ್ಲಿ ಸೊಳ್ಳೆ ನುಸುಳುತ್ತದೆ.

ಬಿಟಿಐ ಬೇಕಾದರೆ ಬಳಸಿ, ಆದರೆ ಹಾಕುವ ಮುಂಚೆ ಕೋಶಗಳನ್ನು ಸೋಸಿ ತೆಗೆಯಿರಿ. ಅದರ ಪ್ರಭಾವ ಹೆಚ್ಚೆಂದರೆ ಒಂದೆರಡು ವಾರ. ಬಿಸಿಲು ಬೀಳುವ, ಕೊಳಕಾದ ನೀರಿನಲ್ಲಿ ಇನ್ನೂ ಕಡಿಮೆ. ಒಂದೇ ಹರಳಿನಲ್ಲಿ ನಾಲ್ಕು ಮುಖ್ಯ ವಿಷ ಪ್ರೋಟೀನುಗಳು ಇರುವುದರಿಂದ ಸೊಳ್ಳೆಗಳು ಇದಕ್ಕೆ ಒಗ್ಗಿಕೊಳ್ಳುವುದು ಕಷ್ಟ. ಹಾಗಾಗಿ ಮದ್ದು ಹಾಕಲೇಬೇಕು ಅಂದರೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನೊಂದು ಜಾತಿಯ ಮದ್ದು ಇದೆ. ಪೈರಿಪ್ರಾಕ್ಸಿಫೆನ್ ಜುವೆನೈಲ್ ಹಾರ್ಮೋನಿನ ವೇಷ ಹಾಕಿ ಬರುತ್ತದೆ. ಇಳಿಯಬೇಕಾದ ಹೊತ್ತಿಗೆ ಹಾರ್ಮೋನ್ ಇಳಿದಿಲ್ಲ ಅಂತ ಮೈ ಮೋಸಹೋಗುತ್ತದೆ. ಕೋಶದಲ್ಲಿ ಆಗಬೇಕಾದ ಪ್ರೋಟೀನುಗಳು ಹೊತ್ತಿಗೆ ಸರಿಯಾಗಿ ಆಗುವುದಿಲ್ಲ, ಸೊಳ್ಳೆ ಹೊರಬರುವುದಿಲ್ಲ. ಡೈಫ್ಲುಬೆಂಜುರಾನ್ ಕೈಟಿನ್ ತಯಾರಿಯನ್ನೇ ತಡೆಯುತ್ತದೆ, ಮರಿ ಪೊರೆ ಕಳಚುವಾಗ ಸಾಯುತ್ತದೆ. ಇವುಗಳಲ್ಲಿ ಜನ ಮೋಸಹೋಗುವುದು ಎಲ್ಲಿ ಅಂದರೆ, ಪೈರಿಪ್ರಾಕ್ಸಿಫೆನ್ ಹಾಕಿದ ಮೇಲೆ ಮರಿಗಳು ಆರಾಮಾಗಿ ಓಡಾಡುತ್ತಾ ಇರುತ್ತವೆ. 'ಮದ್ದು ಹಿಡಿಯಲಿಲ್ಲ' ಅಂತ ಮತ್ತೆ ಮತ್ತೆ ಹಾಕುತ್ತಾರೆ. ಹಾಕಬೇಡಿ. ಕುಡಿಯುವ ನೀರಿನ ಪಾತ್ರೆಯಲ್ಲಿ ಇದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆ ನಿಗದಿ ಮಾಡಿದೆ. 2016ರಲ್ಲಿ ಬ್ರೆಜಿಲ್‌ನಲ್ಲಿ ಝೀಕಾ ಸಮಯದಲ್ಲಿ ಮಕ್ಕಳ ತಲೆ ಚಿಕ್ಕದಾಗಲು ಈ ಮದ್ದೇ ಕಾರಣ ಅಂತ ಸುದ್ದಿ ಹಬ್ಬಿತ್ತು. ಅದಕ್ಕೆ ಆಧಾರ ಸಿಗಲಿಲ್ಲ. ನನಗೆ ಇದರಲ್ಲಿ ಕಾಣುವ ಅಪಾಯ ಬೇರೆ. ಏಡಿ, ಸಿಗಡಿ ಕೂಡ ಕೈಟಿನ್ ಚಿಪ್ಪು ಕಳಚಿ ಬೆಳೆಯುವ ಜೀವಿಗಳು. ಈ ಎರಡು ಮದ್ದುಗಳನ್ನು ತೋಡಿಗೆ, ಗದ್ದೆಗೆ, ಹೊಳೆಬದಿಗೆ ಸುರಿದರೆ ಮೊದಲು ಹೋಗುವುದು ಅವು.

ಟೆಮಿಫಾಸ್ ಅನ್ನುವ ಮದ್ದು ಮರಿಯ ನರಗಳ ಒಂದು ಪ್ರೋಟೀನಿಗೆ ಹೊಡೆಯುತ್ತದೆ. ಬೇಗ ಕೊಲ್ಲುತ್ತದೆ, ಆದರೆ ಬಹಳ ಕಡೆ ಸೊಳ್ಳೆಗಳು ಇದನ್ನು ಒಡೆದು ಹಾಕುವ ಪ್ರೋಟೀನುಗಳನ್ನು ಜಾಸ್ತಿ ತಯಾರಿಸಲು ಕಲಿತಿವೆ. ಕಾಯಿಲ್, ಲಿಕ್ವಿಡ್ ಯಂತ್ರಗಳ ಕಥೆಯೂ ಅದೇ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಅಂಟಬೇಕಾದ ನರದ ಬಾಗಿಲಿನ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಅದರ ಬಲ ಕುಗ್ಗುತ್ತದೆ. ನಿಜವಾದ 'ಮದ್ದು ಹಿಡಿಯದ' ಸಮಸ್ಯೆ ಇರುವುದು ಇಲ್ಲಿ. ಮಗು ಮಲಗುವ ಕೋಣೆಯಲ್ಲಿ ಕಾಯಿಲಿನ ಹೊಗೆಗಿಂತ ಪರದೆಯೇ ಲೇಸು. ಹಗಲು ಮಲಗಿಸುವಾಗಲೂ ಕಟ್ಟಿ.

ಕೋಶವನ್ನು ಕೊಲ್ಲುವುದು ಮೀನು ಮತ್ತು ಎಣ್ಣೆ. ಕೋಶ ತಿನ್ನದಿದ್ದರೂ ಉಸಿರಾಡಬೇಕಲ್ಲ, ಎಣ್ಣೆಯ ಪೊರೆ ಆ ಉಸಿರನ್ನು ಕಟ್ಟುತ್ತದೆ. ಆದರೆ ಅದು ಚರಂಡಿ, ಗುಂಡಿಯ ಕೊಳಕು ನೀರಿಗೆ ಮಾತ್ರ. ಬಾವಿಗೆ ಸೀಮೆಎಣ್ಣೆ ಹಾಕುವುದು, ಹಿತ್ತಲಿಗೆ ಗ್ಯಾರೇಜಿನ ಹಳೆ ಆಯಿಲ್ ಸುರಿಯುವುದು ಎರಡೂ ಬೇಡ. ಕೆಂಪುಕಲ್ಲಿನ ನೆಲದಲ್ಲಿ ಅದು ಬೇಗ ಬಾವಿಗೆ ಇಳಿಯುತ್ತದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ನೀರಿನ ರೋಗಾಣುಗಳಿಗೆ ಒಳ್ಳೆಯದು, ಆ ಪ್ರಮಾಣದಲ್ಲಿ ಸೊಳ್ಳೆ ಮರಿ ಸಾಯುವುದಿಲ್ಲ. ನಿಮ್ಮ ಬಾವಿಗೆ ಗಪ್ಪಿ ಮೀನು ಬಿಡಿ, ಮೇಲೆ ಸಣ್ಣ ಕಣ್ಣಿನ ಬಲೆ ಹಾಸಿ. ಗಪ್ಪಿಯ ಬದಲು ಗಂಬೂಸಿಯಾ ಮೀನು ಕೊಟ್ಟರೆ ಅದು ಬಾವಿಯಲ್ಲೇ ಇರಲಿ. ಕೆರೆ, ತೋಡಿಗೆ ಬಿಟ್ಟರೆ ನಮ್ಮ ಊರಿನ ಮೀನುಗಳ ಮೊಟ್ಟೆ, ಕಪ್ಪೆ ಮರಿ ಎಲ್ಲ ತಿಂದು ಹಾಕುತ್ತದೆ.

ಕೊನೆಯದಾಗಿ ಪಕ್ಕದ ಕಟ್ಟಡ. ನೀವು ಅದರ ಬಗ್ಗೆ ಕೇಳಿಲ್ಲ, ಆದರೆ ನನ್ನ ಕಣ್ಣು ಹೋಗಿದ್ದು ಅಲ್ಲಿಗೇ. ಮಂಗಳೂರಿನಲ್ಲಿ ತೊಂಬತ್ತರ ದಶಕದಿಂದ ಮಲೇರಿಯಾ ಗಟ್ಟಿಯಾಗಿ ಕೂತದ್ದಕ್ಕೂ ಕಟ್ಟಡ ಕೆಲಸಕ್ಕೂ ನಂಟಿದೆ. ಮಲೇರಿಯಾ ಸೊಳ್ಳೆ ಸ್ಟೀಫೆನ್ಸಿಗೆ ಸ್ವಚ್ಛ ನಿಂತ ನೀರು ಬೇಕು. ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ಕಟ್ಟಿದ ನೀರು, ಲಿಫ್ಟ್ ಗುಂಡಿ, ಸಿಮೆಂಟ್ ತೊಟ್ಟಿ ಎಲ್ಲವೂ ಅದಕ್ಕೆ ಹೇಳಿ ಮಾಡಿಸಿದ ಜಾಗ. ಕ್ಯೂರಿಂಗ್ ನೀರನ್ನು ವಾರಕ್ಕೊಂದು ದಿನ ಪೂರ್ತಿ ಹರಿಯಬಿಟ್ಟು ಒಣಗಿಸಿ ಮತ್ತೆ ಕಟ್ಟಿದರೆ ಸಾಕು, ಅಲ್ಲಿದ್ದ ಮರಿ, ಕೋಶ ಎಲ್ಲ ಸಾಯುತ್ತದೆ. ಸೈಟ್ ಇಂಜಿನಿಯರ್ ಹತ್ತಿರ ಇದನ್ನು ಮೊದಲು ಸಮಾಧಾನದಲ್ಲಿ ಹೇಳಿ. ಕೇಳದಿದ್ದರೆ ಪಾಲಿಕೆಯ ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಬರೆದು ಕೊಡಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಮರಿ ಸಿಕ್ಕರೆ ದಂಡ ಹಾಕುವ ನಿಯಮ ತಂದಿದೆ, ಕಟ್ಟಡದ ಜಾಗಗಳಿಗೂ ಅದು ಅನ್ವಯ. ದೂರು ಕೊಡುವಾಗ ಅಲ್ಲಿನ ಕೆಲಸಗಾರರ ಶೆಡ್ಡಿನ ಡ್ರಮ್ಮುಗಳನ್ನೂ ನೋಡಿ ಅಂತ ಹೇಳಿ. ಅವರಲ್ಲಿ ಯಾರಿಗಾದರೂ ಜ್ವರ ಇದ್ದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ಪರೀಕ್ಷೆ, ಮಾತ್ರೆ ಎರಡೂ ಉಚಿತ ಅಂತ ಅವರಿಗೂ ತಿಳಿಸಿ. ದೂರದ ಊರುಗಳಿಂದ ಬಂದವರಿಗೆ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ, ಜ್ವರದಲ್ಲೇ ಕೆಲಸಕ್ಕೆ ಹೋಗುತ್ತಾರೆ.